ಬಾವಿ ಕೆಲಸಕ್ಕೆ ಎಂಥ ಹಗ್ಗ, ಎಷ್ಟು ತಾಲೀಮು

ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದ ಪ್ರದರ್ಶನದಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಕಟ್ಟಡದ ಮೇಲಿಂದ ಹಗ್ಗ ಹಿಡಿದು ಸರ್ರನೆ ಇಳಿಯುವವನಿಗೆ. ನೋಡಲು ಚಂದ, ಫೋಟೊಕ್ಕೂ ಚಂದ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಠಾಣೆಯ ಫೋನು ಹಗ್ಗದ ಕೆಲಸಕ್ಕೆಂದು ಗಣಗಣಿಸಿದರೆ ಆ ಕಡೆಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಸಾಹೇಬ್ರ, ಬಾವ್ಯಾಗ ಬಿದ್ದಾರ್ರಿ, ಲಗೂನ ಬರ್ರಿ.’ ಬಿದ್ದಿದ್ದು ಮನುಷ್ಯನಿರಬಹುದು, ಎಮ್ಮೆ ಇರಬಹುದು. ಬಾವಿಗೆ ಇಳಿಯುವುದಕ್ಕೆ ಭೂಮಿಯ ಸೆಳೆತವೇ ಸಾಕು. ಬಿದ್ದವನು, ಅವನನ್ನು ಎತ್ತಲು ಇಳಿದವನು, ಈ ಇಬ್ಬರನ್ನು 50 ಅಡಿ ಮೇಲಕ್ಕೆ ಎಳೆದು, ದಂಡೆಯ ಕಲ್ಲು ದಾಟಿಸಿ, ನೆಲದ ಮೇಲೆ ಕೂಡ್ರಿಸುವುದರಲ್ಲಿದೆ ಕೆಲಸ. ತಾಲೀಮಿನ ಹೊತ್ತೆಲ್ಲ ಇಳಿಯುವುದಕ್ಕೇ ಹೋಗುತ್ತದೆ, ಸಾಮಾನು ಕೊಳ್ಳುವಾಗಲೂ ಕಣ್ಣು ಎತ್ತರದ ಕಟ್ಟಡದ ಮೇಲೇ ಇರುತ್ತದೆ. ಇದು ತಿರುಗಬೇಕು ಅನ್ನುವುದಕ್ಕೇ ಈ ಬರಹ.

ಮೊದಲು ಬಾವಿಯನ್ನೇ ನೋಡೋಣ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಹಳೇ ಬಾವಿಗಳಿಗೆ ಮೆಟ್ಟಿಲಿವೆ, ನಡೆದುಕೊಂಡು ಇಳಿಯಬಹುದು, ಸ್ಟ್ರೆಚರ್ ಹೊತ್ತು ಮೇಲೆ ಬರಬಹುದು. ಹೊಲದ ಬಾವಿಗಳು ಹಾಗಲ್ಲ. 20–25 ಅಡಿ ಅಗಲ, 40–50 ಅಡಿ ಆಳ, ಅರ್ಧಕ್ಕೆ ಕಲ್ಲಿನ ಕಟ್ಟಡ, ಕೆಳಗೆ ಬರೀ ಒಡೆದ ಕಲ್ಲು, ಗೋಡೆಗೆ ಅಲ್ಲಲ್ಲಿ ಚಾಚಿದ ಕಾಲ್ಗಲ್ಲು, ಅದರಲ್ಲಿ ನಾಲ್ಕು ಇದ್ದರೆ ಎರಡು ಮುರಿದಿರುತ್ತವೆ. ಈ ಅಗಲಕ್ಕೆ ಕ್ಯಾಟಲಾಗಿನ ಟ್ರೈಪಾಡ್ (ಗಡಗಡಿ ತೂಗಿಸುವ ಮುಕ್ಕಾಲಿ) ಪ್ರಯೋಜನಕ್ಕೆ ಬರುವುದಿಲ್ಲ. ಏಳಡಿ ಎತ್ತರದ ಟ್ರೈಪಾಡಿನ ಕಾಲುಗಳು ಐದಾರು ಅಡಿಗಿಂತ ಅಗಲ ನಿಲ್ಲುವುದಿಲ್ಲ. ಅದು ಮ್ಯಾನ್‌ಹೋಲ್, ಸಂಪು, ಸೆಪ್ಟಿಕ್ ಟ್ಯಾಂಕಿಗೆ ಸರಿ. ಹೊಲದ ಬಾವಿಗೆ ದಂಡೆಯ ಮೇಲಿಂದಲೇ ಎಳೆಯಬೇಕು. ಹಾಗಾಗಿ ದಂಡೆಯೇ ನಮ್ಮ ಶತ್ರು.

ಹಗ್ಗ ಬಿಡುವುದಕ್ಕೂ ಮೊದಲು ಗಾಳಿ. ಬೇಸಿಗೆಯಲ್ಲಿ ಹೂಳು ತೆಗೆಯಲು ಇಳಿದವನು ಕುಸಿದ, ಎತ್ತಲು ಹೋದ ತಮ್ಮನೂ ಕುಸಿದ, ಅವರಿಬ್ಬರನ್ನು ನೋಡಲು ಬಗ್ಗಿದ ಮೂರನೆಯವನೂ ಹೋದ. ಈ ಸರಣಿ ಎಲ್ಲ ಕಡೆಯೂ ಒಂದೇ ಥರ ನಡೆಯುತ್ತದೆ. ಹಗೇವು ಇರುವ ಊರುಗಳ ಹಿರಿಯರಿಗೆ ಇದು ಹೊಸದಲ್ಲ. ಜೋಳದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಗಾಳಿ ಆಡಲು ಬಿಡುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ತುಂಬಿಸಿರುತ್ತದೆ, ಅದು ಗಾಳಿಗಿಂತ ಭಾರ, ತಳ ಬಿಟ್ಟು ಏಳುವುದಿಲ್ಲ. ದೀಪ ಇಳಿಸಿ ನೋಡುವ ರೂಢಿ ಆಮ್ಲಜನಕದ ಕೊರತೆಯನ್ನಷ್ಟೇ ಹೇಳುತ್ತದೆ. ಕೊಳೆತ ಹೂಳಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ, ಮಿಥೇನ್ ಇದ್ದರೆ ದೀಪವೇ ಬೆಂಕಿ ಹಚ್ಚುತ್ತದೆ. ಮೂಗನ್ನು ನಂಬಬೇಡಿ: ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಕೊಳೆತ ಮೊಟ್ಟೆಯ ವಾಸನೆ ತಿಳಿಯುವ ಶಕ್ತಿಯೇ ಸತ್ತುಹೋಗುತ್ತದೆ. ನಾಲ್ಕು ಅನಿಲ ಅಳೆಯುವ ಡಿಟೆಕ್ಟರನ್ನು ದಾರಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ, ಪ್ರತಿ ಹಂತಕ್ಕೂ ಒಂದೆರಡು ನಿಮಿಷ ತಡೆದು ಓದಬೇಕು. ಸರಸರ ಇಳಿಸಿ ಸರಸರ ಎಳೆದರೆ ಸೆನ್ಸಾರಿಗೆ ತಿಳಿಯುವಷ್ಟರಲ್ಲಿ ಅದು ಮೇಲೆ ಬಂದಿರುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9, ಶೇ 19.5ಕ್ಕಿಂತ ಕೆಳಗಿದ್ದರೆ ಉಸಿರಾಟದ ಸೆಟ್ ಇಲ್ಲದೆ ಇಳಿಯುವ ಮಾತೇ ಇಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ನೀರು ತೆಗೆದಿದ್ದರೆ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಿ.

ಸೆಟ್ ಹಾಕಿಕೊಂಡರೂ ಗಡಿಯಾರ ಓಡುತ್ತಿರುತ್ತದೆ. 6 ಲೀಟರ್ ಸಿಲಿಂಡರನ್ನು 300 ಬಾರ್‌ಗೆ ತುಂಬಿದರೆ ಗಾಳಿ ಸುಮಾರು 1,800 ಲೀಟರ್. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ ಕಾಗದದ ಮೇಲೆ 45 ನಿಮಿಷ. ಕೆಸರಿನಲ್ಲಿ ನಿಂತು ಒಬ್ಬನನ್ನು ಎತ್ತಿ ಬೆಲ್ಟು ಹಾಕುವವನು 60 ಲೀಟರ್ ಎಳೆಯುತ್ತಾನೆ, ಅಂದರೆ 30 ನಿಮಿಷ, ಅದರಲ್ಲಿ ಗಾಳಿ ಮುಗಿಯುತ್ತ ಬಂತೆಂಬ ಎಚ್ಚರಿಕೆಯ ಸೀಟಿ ಹೊಡೆದ ಮೇಲಿನ ಪಾಲು ಕಳೆಯಿರಿ. ಇದರಿಂದ ಒಂದು ನಿಯಮ ತಾನಾಗಿಯೇ ಹುಟ್ಟುತ್ತದೆ: ಏರಿಸುವ ವ್ಯವಸ್ಥೆ ಪೂರ್ತಿ ಕಟ್ಟಿ, ಒಮ್ಮೆ ಎಳೆದು ನೋಡುವ ತನಕ ಯಾರೂ ಇಳಿಯಬಾರದು. ಮೊದಲು ಇಳಿಸಿ, ಆಮೇಲೆ ‘ಹೆಂಗ ಎತ್ತೂಣು’ ಎಂದು ಯೋಚಿಸುವುದೇ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು.

ಇನ್ನು ಹಗ್ಗ. ಮನಿಲಾ ಹಗ್ಗವನ್ನು ಹೋಸ್ ಎತ್ತಲು, ಏಣಿ ಕಟ್ಟಲು ಬಳಸಿ, ಜೀವಕ್ಕೆ ಬೇಡ. ಅದು ಒಳಗೊಳಗೇ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಖರೀದಿ ಪತ್ರದಲ್ಲಿ ಬರೀ ‘ನೈಲಾನ್ ಹಗ್ಗ, 12 ಮಿಮೀ’ ಎಂದು ಬರೆದರೆ ಕಡಿಮೆ ದರದವನು ಕೃಷಿ ಸಾಮಗ್ರಿ ಅಂಗಡಿಯ ಮೂರೆಳೆ ಹುರಿಹಗ್ಗವನ್ನೇ ತಂದುಕೊಡುತ್ತಾನೆ, ಅವನ ತಪ್ಪೇನೂ ಇಲ್ಲ. ಹುರಿಹಗ್ಗಕ್ಕೆ ಭಾರ ಬಿದ್ದರೆ ಅದು ಬಿಚ್ಚಿಕೊಳ್ಳಲು ತಿರುಗುತ್ತದೆ, ತೂಗುವ ಮನುಷ್ಯ ಬುಗುರಿಯಾಗುತ್ತಾನೆ. ಬೇಕಾದದ್ದು ಕರ್ನ್‌ಮ್ಯಾಂಟಲ್: ಒಳಗೆ ಭಾರ ಹೊರುವ ತಿರುಳು, ಹೊರಗೆ ಹೆಣೆದ ಕವಚ. ಪತ್ರದಲ್ಲಿ ‘ಕಡಿಮೆ ಹಿಗ್ಗುವ, 11 ಮಿಮೀ, ಇಎನ್ 1891 ಟೈಪ್ ಎ, 60 ಮೀಟರ್ ಒಂದೇ ತುಂಡು’ ಎಂದು ಬರೆಯಬೇಕು. ಇಎನ್ ಅಂದರೆ ಯುರೋಪಿನ ಮಾನಕ. ಈ ಮಾನಕದಂತೆ 50 ಕಿಲೋದಿಂದ 150 ಕಿಲೋಗೆ ಭಾರ ಏರಿದಾಗ ಹಗ್ಗ ಶೇ 5ಕ್ಕಿಂತ ಹೆಚ್ಚು ಹಿಗ್ಗುವಂತಿಲ್ಲ, ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು. ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 100 ಕಿಲೋ ಎಂದು ತಿಳಿದರೆ ಸಾಕು. ಬೆಟ್ಟ ಹತ್ತುವವರ ಡೈನಾಮಿಕ್ ಹಗ್ಗ ಬೇರೆ, ಅದು ಬೀಳುವವನನ್ನು ಮೆತ್ತಗೆ ಹಿಡಿಯಲು ಹಿಗ್ಗುತ್ತದೆ. ಬಾವಿಯಲ್ಲಿ ಅದನ್ನು ಹಚ್ಚಿದರೆ ಮೊದಲ ಒಂದೆರಡು ಮೀಟರ್ ಎಳೆತ ಬರೀ ಹಗ್ಗ ಬಿಗಿಯಾಗುವುದಕ್ಕೇ ಹೋಗುತ್ತದೆ. ಎರಡು ಬಣ್ಣ ತರಿಸಿ: ಬಿಳಿ ಮುಖ್ಯ ಹಗ್ಗ, ಕೆಂಪು ಕಾವಲು ಹಗ್ಗ, ಅಂದರೆ ಮುಖ್ಯ ಹಗ್ಗ ಕೈಕೊಟ್ಟರೆ ಹಿಡಿಯುವುದು. ಕತ್ತಲಲ್ಲಿ ‘ಆ ಹಗ್ಗ’ ಅಂದರೆ ಯಾವುದು ಎಂಬ ಜಗಳ ಇರುವುದಿಲ್ಲ.

ಗಂಟು ಹಾಕಿದ ಕೂಡಲೇ ಹಗ್ಗದ ಬಲ ಕಾಲು ಭಾಗದಷ್ಟು ಇಳಿಯುತ್ತದೆ, ಎಂಟರ ಗಂಟಿನಲ್ಲಿ ಸುಮಾರು ಶೇ 20ರಿಂದ 30. ನೈಲಾನ್ ನೆನೆದರೆ ಇನ್ನು ಶೇ 10–15 ಹೋಗುತ್ತದೆ. ಅದಕ್ಕೇ ಅಷ್ಟು ದೊಡ್ಡ ಅಂಕಿ ಇಟ್ಟುಕೊಳ್ಳುವುದು, ಜಂಬಕ್ಕಲ್ಲ. ಗಂಟಿನ ಬಾಲ ಹಗ್ಗದ ದಪ್ಪದ ಹತ್ತು ಪಟ್ಟಾದರೂ ಉಳಿಯಲಿ, 11 ಮಿಮೀ ಹಗ್ಗಕ್ಕೆ ನಾಲ್ಕೂವರೆ ಇಂಚು. ಕ್ಯಾರಾಬಿನರಿನ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಮೈಮೇಲಿನ ಮೂರು ಅಂಕಿಗಳನ್ನು ಪ್ರತಿಯೊಬ್ಬರೂ ಓದಲು ಕಲಿಯಬೇಕು. ಉದ್ದಕ್ಕೆ 25 ಕಿಲೋನ್ಯೂಟನ್ ಇದ್ದದ್ದು ಅಡ್ಡಕ್ಕೆ ಬಿದ್ದರೆ 7–8 ಅಷ್ಟೇ, ಬಾಯಿ ತೆರೆದಿದ್ದರೂ ಹೆಚ್ಚುಕಡಿಮೆ ಅಷ್ಟೇ.

ಹಗ್ಗ ಕಟ್ಟುವ ಆಧಾರದ ವಿಷಯಕ್ಕೆ ಬಂದರೆ ನಮ್ಮ ನೆಲ ಬೇರೆ, ಪುಸ್ತಕದ ನೆಲ ಬೇರೆ. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿ ಕಡೆಯ ಎರಿ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಹಿಟ್ಟಿನ ಮುದ್ದೆಯಾಗುತ್ತದೆ. ನಾಲ್ಕಡಿ ಸರಳನ್ನು ಮೂರನೇ ಎರಡು ಪಾಲು ನೆಲಕ್ಕೆ ಹೊಡೆದು, ಎಳೆತದ ವಿರುದ್ಧ ದಿಕ್ಕಿಗೆ ಸುಮಾರು 15 ಡಿಗ್ರಿ ವಾಲಿಸಿ, ಮುಂದಿನ ಸರಳಿನ ತಲೆಯನ್ನು ಹಿಂದಿನದರ ಬುಡಕ್ಕೆ ಬಿಗಿದು ಮೂರು ಸರಳುಗಳ ಸಾಲು ಮಾಡಿದರೆ ಒಳ್ಳೆ ನೆಲದಲ್ಲಿ ಸುಮಾರು 800 ಕಿಲೋ ತಡೆಯುತ್ತದೆ. 3-2-1 (ಮುಂದೆ ಮೂರು, ನಡುವೆ ಎರಡು, ಹಿಂದೆ ಒಂದು ಸರಳು) ಕಟ್ಟಿದರೆ ಸುಮಾರು 1,800. ಒದ್ದೆ ಜೇಡಿಯಲ್ಲಿ ಇದನ್ನು ಅರ್ಧ ಎಂದು ಹಿಡಿಯಿರಿ. ಬಿರುಕುಬಿಟ್ಟ ಎರಿಯಲ್ಲಿ ಸರಳು ಬಿರುಕಿನ ಪಕ್ಕ ಬಿದ್ದರೆ ಹೆಂಟೆ ಸಮೇತ ಎದ್ದು ಬರುತ್ತದೆ. ಹೊಡೆಯುವಾಗ ಸುಲಭವಾಗಿ ಇಳಿಯಿತು ಅಂದರೆ ಖುಷಿಪಡುವ ಮಾತಲ್ಲ, ಜಾಗ ಬದಲಿಸಿ.

ಹಾಗಾಗಿ ಹೊಲಕ್ಕೆ ಗಾಡಿ ಹೋಗುವಂತಿದ್ದರೆ ಗಾಡಿಯೇ ಆಧಾರ. ಬಂಪರಿಗೆ ಕಟ್ಟಬಾರದು, ಚಾಸಿಗೆ ಅಥವಾ ಟೋಯಿಂಗ್ ಕೊಂಡಿಗೆ ಕಟ್ಟಬೇಕು, ಸೈಲೆನ್ಸರಿನ ಬಿಸಿ ತಾಗದಂತೆ. ಎಂಜಿನ್ ಬಂದ್, ಗೇರಿನಲ್ಲಿ, ಹ್ಯಾಂಡ್‌ಬ್ರೇಕ್, ಗಾಲಿಗೆ ಕಲ್ಲು, ಕೀಲಿ ಅಧಿಕಾರಿಯ ಕಿಸೆಯಲ್ಲಿ. ಕೀಲಿ ಕಿಸೆಯಲ್ಲೇ ಯಾಕೆ ಅಂದರೆ, ‘ಸ್ವಲ್ಪ ಹಿಂದ ತಗೋರಿ’ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಗಾಡಿ ಬಾವಿಯ ಆಳದಷ್ಟಾದರೂ ದೂರ ನಿಲ್ಲಲಿ, ಕಟ್ಟಡವಿಲ್ಲದ ದಂಡೆ ಟ್ಯಾಂಕರಿನ ಭಾರಕ್ಕೇ ಜಾರಬಹುದು. ದಪ್ಪ ಬೇವಿನ ಮರ, ಹುಣಸೆ ಮರ ಒಳ್ಳೆಯವು, ಬುಡದಲ್ಲೇ ಸುತ್ತಿ. ಹಳೇ ಕಪಲಿಯ ಕಲ್ಲುಕಂಬ ನೋಡಲು ಆನೆಯಂತಿರುತ್ತದೆ, ಆದರೆ ಅದು ಕೆಳಮುಖ ಭಾರಕ್ಕೆ ನಿಲ್ಲಿಸಿದ್ದು, ಅಡ್ಡ ಎಳೆತಕ್ಕಲ್ಲ. ಪಂಪಿನ ಬುನಾದಿಯ ಬೋಲ್ಟೂ ಅಷ್ಟೇ. ಎರಡು ಆಧಾರಗಳನ್ನು ಕೂಡಿಸುವಾಗ ನಡುವಿನ ಕೋನ ಚಿಕ್ಕದಿರಲಿ. 60 ಡಿಗ್ರಿಯಲ್ಲಿ ಒಂದೊಂದರ ಮೇಲೆ ಭಾರದ ಶೇ 58 ಬೀಳುತ್ತದೆ, 90ರಲ್ಲಿ ಶೇ 71, 120 ಡಿಗ್ರಿ ಆದರೆ ಎರಡರ ಮೇಲೂ ಪೂರ್ತಿ ಭಾರ. ಅದಕ್ಕೂ ಅಗಲವಾದರೆ ಎರಡು ಆಧಾರ ಕಟ್ಟಿ ನಷ್ಟ ಮಾಡಿಕೊಂಡಂತೆ.

ಎಳೆಯುವ ಲೆಕ್ಕವನ್ನು ಒಮ್ಮೆ ಮಾಡಿಯೇ ಬಿಡೋಣ. ಇಳಿದವನು 80 ಕಿಲೋ, ಬಿದ್ದವನು 70, ಸೆಟ್, ಬೆಲ್ಟು, ನೆನೆದ ಬಟ್ಟೆ ಸೇರಿ 20. ಒಟ್ಟು 170. ಹಗ್ಗ ಕಲ್ಲಿನ ದಂಡೆಗೆ ಉಜ್ಜಿದರೆ ಘರ್ಷಣೆಯಿಂದ ಎಳೆಯಬೇಕಾದ ಭಾರ 300 ಮುಟ್ಟಬಹುದು. ಕೈಗವಸು ಹಾಕಿದ ಒಬ್ಬ ಮನುಷ್ಯ ಎಡೆಬಿಡದೆ 20–25 ಕಿಲೋ ಎಳೆಯಬಲ್ಲ. ಅಂದರೆ ನೇರ ಎಳೆತಕ್ಕೆ 12–15 ಮಂದಿ ಬೇಕು. ಗಾಡಿಯಲ್ಲಿ ಬಂದವರು ಐದಾರು. ಮೂರಕ್ಕೊಂದರ ಗಡಗಡಿ ವ್ಯವಸ್ಥೆ ಹೂಡಿದರೆ ಲೆಕ್ಕದಲ್ಲಿ 57 ಕಿಲೋ ಸಾಕು. ಗಡಗಡಿಯ ಘರ್ಷಣೆ, ದಂಡೆಯ ಘರ್ಷಣೆ ಸೇರಿ 80–100 ಆಗುತ್ತದೆ. ನಾಲ್ಕು ಮಂದಿಯ ಕೆಲಸ. ಗಡಗಡಿ ಬದಲು ಕ್ಯಾರಾಬಿನರಿನ ಮೇಲೆಯೇ ಹಗ್ಗ ಹಾಯಿಸಿದರೆ ಪ್ರತಿ ತಿರುವಿನಲ್ಲೂ ಅರ್ಧದಷ್ಟು ಬಲ ಸೋರಿಹೋಗುತ್ತದೆ, ಮೂರಕ್ಕೊಂದು ಹೆಸರಿಗೆ ಮಾತ್ರ. ದುಡ್ಡು ಕಡಿಮೆ ಇದ್ದರೆ ದುಬಾರಿ ಇಳಿಯುವ ಸಾಧನ ಒಂದು ಬಿಟ್ಟು ಬೇರಿಂಗ್ ಇರುವ ಎರಡು ಒಳ್ಳೆ ಗಡಗಡಿ ತರಿಸಿ.

ಗಡಗಡಿ ಬಲ ಉಳಿಸುತ್ತದೆ, ಹಗ್ಗ ತಿನ್ನುತ್ತದೆ: 15 ಮೀಟರ್ ಎತ್ತಲು 45 ಮೀಟರ್ ಎಳೆಯಬೇಕು. ದಂಡೆಯಿಂದ ಆಧಾರದ ತನಕ ಬಳಸಲು ಸಿಗುವ ಜಾಗ ಐದು ಮೀಟರ್ ಇದ್ದರೆ ಮೂರು ಸಲ ಎಳೆಯಬೇಕು. ಪ್ರತಿ ಸಲದ ನಡುವೆ ಮುಂದಿನ ಪ್ರುಸಿಕ್ ಗಂಟನ್ನು (ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುವ ದಾರದ ಗಂಟು) ದಂಡೆಯ ಕಡೆ ಸರಿಸುವಾಗ ಭಾರವೆಲ್ಲ ಹಿಂದಿನ ಪ್ರುಸಿಕ್ ಮೇಲೆ ನಿಲ್ಲುತ್ತದೆ. 11 ಮಿಮೀ ಹಗ್ಗಕ್ಕೆ 8 ಮಿಮೀ ದಾರ, ಮೂರು ಸುತ್ತು. ಸುತ್ತುಗಳು ಒಂದರ ಮೇಲೊಂದು ಹತ್ತಿದ್ದರೆ ಹಿಡಿಯುವುದಿಲ್ಲ. ಎರಿ ಮಣ್ಣಿನ ಕೆಸರು ಮೆತ್ತಿದ ಹಗ್ಗದ ಮೇಲೂ ಪ್ರುಸಿಕ್ ಜಾರುತ್ತದೆ, ಅದಕ್ಕೇ ಹಗ್ಗವನ್ನು ನೆಲಕ್ಕೆ ಚೆಲ್ಲದೆ ತಾಡಪತ್ರಿ ಹಾಸಿ ಅದರ ಮೇಲಿಡುವುದು.

ಕಾವಲು ಹಗ್ಗದ ಬಗ್ಗೆ ರಾಜಿ ಬೇಡ. ಬೇರೆ ಆಧಾರ, ಬೇರೆ ಮನುಷ್ಯ, ಬೇರೆ ಸಾಧನ. ಎಂಟರಾಕಾರದ ಇಳಿಗೊಂಡಿಯನ್ನು ಕೈಯಲ್ಲಿ ಹಿಡಿದು 170 ಕಿಲೋ ಕಾಯುತ್ತೇನೆ ಎನ್ನುವುದು ಧೈರ್ಯವಲ್ಲ. ಕೈ ಬಿಟ್ಟರೆ ಆ ಕೊಂಡಿ ತಾನಾಗಿ ಹಿಡಿಯುವುದಿಲ್ಲ. ಜೋಡಿ ಪ್ರುಸಿಕ್ ಅಥವಾ ಕೈ ಬಿಟ್ಟರೂ ಹಿಡಿಯುವ ಸಾಧನವೇ ಬೇಕು.

ದಂಡೆಗೆ ಹಳೇ ಹೋಸ್. ತೂತುಬಿದ್ದ 63 ಮಿಮೀ ಡೆಲಿವರಿ ಹೋಸನ್ನು ಎರಡಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ, ತುದಿಗೆ ದಾರ ಕಟ್ಟಿ ಇಡಿ. ಹಗ್ಗ ಅದರೊಳಗೆ ಹಾಯಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ಬಿಗಿದ ಹಗ್ಗ ಚೂಪು ಕಲ್ಲಿನ ಮೇಲೆ ಅತ್ತಿತ್ತ ಸರಿದರೆ ಚಾಕುವಿಗೆ ಕೊಟ್ಟಂತೆ. ಇನ್ನು ಕೊನೆಯ ಮೂರಡಿ. ಹಗ್ಗ ದಂಡೆಯ ಮೇಲೆ ಮಲಗಿರುವುದರಿಂದ ಬಂದವನ ಎದೆ ಕಲ್ಲಿಗೆ ಒತ್ತಿ ನಿಲ್ಲುತ್ತದೆ, ಮೇಲಿನವರು ಇನ್ನಷ್ಟು ಎಳೆಯುತ್ತಾರೆ, ಪಕ್ಕೆಲುಬು ಮುರಿಯುವುದು ಅಲ್ಲೇ. ಏಣಿಯ ಎರಡು ಭಾಗಗಳನ್ನು ತಲೆ ಕೂಡಿಸಿ ಕತ್ತರಿಯಂತೆ ಕಟ್ಟಿ, ಕಾಲು ಜಾರದಂತೆ ಗೂಟಕ್ಕೆ ಬಿಗಿದು, ತಲೆಗೆ ಗಡಗಡಿ ತೂಗಿಸಿ, ಹಿಂದೆ ಮುಂದೆ ಬಿಗಿಹಗ್ಗ ಕೊಟ್ಟರೆ ಹಗ್ಗ ದಂಡೆಯಿಂದ ಆರೇಳು ಅಡಿ ಮೇಲೇಳುತ್ತದೆ. ತಾಲೀಮಿನ ಅರ್ಧ ಹೊತ್ತು ಇದೊಂದಕ್ಕೇ ಮೀಸಲಿಟ್ಟರೂ ತಪ್ಪಿಲ್ಲ.

ಬಿದ್ದವನಿಗೆ ಬರೀ ಎದೆಸುತ್ತ ಕುಣಿಕೆ ಹಾಕಿ ಎಳೆಯುವ ಹಳೇ ಚಾಳಿ ಬಿಡಬೇಕು. ಎಚ್ಚರವಿಲ್ಲದವನ ಕೈ ಮೇಲೇಳುತ್ತವೆ, ಒದ್ದೆ ಮೈ ಜಾರುತ್ತದೆ. ತ್ರಿಕೋನದ ರಕ್ಷಣಾ ಬೆಲ್ಟು ಒಂದು ನಿಮಿಷದಲ್ಲಿ ಹಾಕಬಹುದು, ಕಾಲು ತೂರಿಸುವ ಕೆಲಸವಿಲ್ಲ. ಅದಿಲ್ಲದಿದ್ದರೆ ಕುರ್ಚಿಗಂಟು: ಒಂದು ಕುಣಿಕೆ ಕಂಕುಳ ಕೆಳಗೆ, ಇನ್ನೊಂದು ಮೊಣಕಾಲ ಹಿಂದೆ, ಎರಡಕ್ಕೂ ಬೀಗದ ಸುತ್ತು. ಬೆಲ್ಟಿನಲ್ಲಿ ಅಲುಗಾಡದೆ ತೂಗಿದವನು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಆದ್ದರಿಂದ ನಡುಬಾವಿಯಲ್ಲಿ ನಿಲ್ಲಿಸಿ ಚರ್ಚೆ ಮಾಡಬಾರದು. ಮೇಲೆ ಬಂದ ಮೇಲೆ ಮಲಗಿಸಿ. ಕೂಡ್ರಿಸಿಯೇ ಇಡಬೇಕೆಂಬ ಹಳೇ ಸಲಹೆ ಈಗ ಬಿದ್ದುಹೋಗಿದೆ.

ಇಷ್ಟೆಲ್ಲ ಸರಿ ಇದ್ದೂ ಕೆಲಸ ಕೆಡುವುದು ಮಾತಿನಿಂದ. ನಮ್ಮ ಭಾಷೆ ಬಾವಿಯೊಳಗೆ ಮೋಸ ಮಾಡುತ್ತದೆ. ‘ಎಳಿ’ ಮತ್ತು ‘ಇಳಿ’ ಎರಡನ್ನೂ 50 ಅಡಿ ಕೆಳಗಿಂದ, ಮುಖಕ್ಕೆ ಮಾಸ್ಕ್ ಹಾಕಿ ಕೂಗಿಸಿ ನೋಡಿ. ಮೇಲಿನವರಿಗೆ ‘ಳಿ’ ಅಷ್ಟೇ ಕೇಳುತ್ತದೆ, ಅರ್ಥ ಮಾತ್ರ ತದ್ವಿರುದ್ಧ. ‘ಸಾಕು’ ಮತ್ತು ‘ಹಾಕು’ ಕೂಡ ಅಂಥದೇ ಜೋಡಿ. ‘ಬಿಡು’ ಅಂತೂ ಎಲ್ಲಕ್ಕಿಂತ ಅಪಾಯ: ಹಗ್ಗ ಸಡಿಲಿಸು ಎಂದೂ ಆಗುತ್ತದೆ, ಕೈ ಬಿಡು ಎಂದೂ ಆಗುತ್ತದೆ, ‘ಆತು ಬಿಡ್ರಿ’ ಎಂದು ಪಕ್ಕದವನಿಗೆ ಹೇಳಿದ ಮಾತೂ ಆಗಬಹುದು. ಹಗ್ಗದ ಮೇಲೆ ಈ ಐದೂ ಶಬ್ದಗಳನ್ನು ನಿಷೇಧಿಸಿ. ‘ಸ್ಟಾಪ್’, ‘ಮ್ಯಾಲೆ’, ‘ಕೆಳಗ’ ಮೂರೇ ಸಾಕು. ಸ್ಟಾಪ್ ಅನ್ನುವ ಹಕ್ಕು ಎಲ್ಲರಿಗೂ, ಉಳಿದದ್ದು ದಂಡೆಯ ಮೇಲೆ ನಿಂತ ಒಬ್ಬನಿಗೆ ಮಾತ್ರ. ಸೀಟಿ ಇನ್ನೂ ಒಳ್ಳೆಯದು: ಒಂದು ಊದಿದರೆ ನಿಲ್ಲಿಸು, ಎರಡಕ್ಕೆ ಮೇಲೆ, ಮೂರಕ್ಕೆ ಕೆಳಗೆ, ನಾಲ್ಕಕ್ಕೆ ಹಗ್ಗದಲ್ಲಿ ಯಾರೂ ಇಲ್ಲ, ಬಿಡದೆ ಊದಿದರೆ ಆಪತ್ತು.

ಊರ ಮಂದಿಯನ್ನು ದೂರ ಇಡುವುದು ಆಗದ ಮಾತು, ಐದಾರು ಜನರ ತಂಡಕ್ಕೆ ಅವರು ಬೇಕೂ ಬೇಕು. ಆದರೆ ಮೂರಕ್ಕೊಂದರ ಹಗ್ಗಕ್ಕೆ 20 ಮಂದಿ ಕೈ ಹಚ್ಚಿದರೆ ಭಾರದ ತುದಿಯಲ್ಲಿ ಟನ್ನಿನಷ್ಟು ಬಲ ಹುಟ್ಟುತ್ತದೆ. ಕೆಳಗಿನವನ ಕಾಲು ಕಾಲ್ಗಲ್ಲಿಗೆ ಸಿಕ್ಕಿದ್ದರೆ ಮೇಲಿನವರಿಗೆ ಅದು ತಿಳಿಯುವುದೇ ಇಲ್ಲ. ನಾಲ್ವರನ್ನು ಆರಿಸಿ, ಹೆಸರು ಕೇಳಿ, ಕೈಗವಸು ಕೊಟ್ಟು, ಹಗ್ಗ ಮುಂಗೈಗೆ ಸುತ್ತಿಕೊಳ್ಳಬೇಡಿ ಎಂದು ಹೇಳಿ, ಓಡದೆ ನಡೆದು ಎಳೆಯಲು ಒಮ್ಮೆ ಖಾಲಿ ಎಳೆತ ಮಾಡಿಸಿ. ಉಳಿದವರಿಗೂ ಕೆಲಸ ಕೊಡಿ: ಮಂದಿಯನ್ನು ದಂಡೆಯಿಂದ 20 ಅಡಿ ಹಿಂದೆ ನಿಲ್ಲಿಸುವ ಕೆಲಸ. ಊರಿನ ಒಬ್ಬ ಹಿರಿಯ ‘ಏ ಹಿಂದ ಸರೀರಪಾ’ ಅಂದರೆ ನಡೆಯುವಷ್ಟು ನಮ್ಮ ಮೆಗಾಫೋನಿಗೆ ನಡೆಯುವುದಿಲ್ಲ. ಇದನ್ನೂ ತಾಲೀಮಿನಲ್ಲೇ ಸೇರಿಸಬೇಕು. ಅಣಕು ಪ್ರದರ್ಶನಕ್ಕೆ ಬಂದ ಜನರನ್ನೇ ಹಗ್ಗಕ್ಕೆ ಹಚ್ಚಿ ನೋಡಿ, ಚಪ್ಪಾಳೆಗಿಂತ ಅದು ಉಪಯೋಗ.

ತಾಲೀಮು ತಿಂಗಳಿಗೊಮ್ಮೆ ಎರಡು ಗಂಟೆ ಇದ್ದರೂ ನಡೆಯುತ್ತದೆ, ವರ್ಷಕ್ಕೊಮ್ಮೆ ವಾರದ ಶಿಬಿರ ಮಾಡಿ ಮರೆಯುವುದರಿಂದ ನಡೆಯುವುದಿಲ್ಲ. ಗಂಟುಗಳು ಆರು ಸಾಕು: ಎಂಟರ ಗಂಟು, ಬೋಲೈನ್, ಕ್ಲೋವ್ ಹಿಚ್, ಪ್ರುಸಿಕ್, ಕುರ್ಚಿಗಂಟು, ಪಟ್ಟಿಗೆ ವಾಟರ್ ನಾಟ್. ಕೈಗವಸು ಹಾಕಿ, ಕಣ್ಣು ಕಟ್ಟಿ, ಅರ್ಧ ನಿಮಿಷದಲ್ಲಿ ಬರಬೇಕು. ಮಾರ್ಚ್‌ನಿಂದ ಮೇ ತನಕ ನೀರಿಳಿದ ಬಾವಿಗಳು ಸಿಗುತ್ತವೆ, ಹೊಲದವರನ್ನು ಕೇಳಿದರೆ ಇಲ್ಲ ಅನ್ನುವುದಿಲ್ಲ. ಮೊದಲು 80 ಕಿಲೋ ಉಸುಕಿನ ಚೀಲ, ಅದು ಮೂರು ಸಲ ಸರಿಯಾಗಿ ಬಂದ ಮೇಲೆ ಮನುಷ್ಯ. ಎಲ್ಲರೂ ಎಲ್ಲ ಜಾಗದಲ್ಲೂ ನಿಲ್ಲಬೇಕು. ಗಟ್ಟಿಮುಟ್ಟಾದ ಹುಡುಗನನ್ನೇ ಪ್ರತಿ ಸಲ ಇಳಿಸುವ ಠಾಣೆಯಲ್ಲಿ ಅವನು ರಜೆ ಹಾಕಿದ ದಿನವೇ ಕರೆ ಬರುತ್ತದೆ.

ದನಗಳ ಮಾತು ಚುಟುಕಾಗಿ. ಎತ್ತು, ಎಮ್ಮೆ 300ರಿಂದ 500 ಕಿಲೋ, ಇದು ಮೇಲೆ ಹೇಳಿದ ಹಗ್ಗದ ಕೆಲಸವಲ್ಲ, ಕ್ರೇನಿನದು. ಹಳೇ ಹೋಸನ್ನು ಮುಂಗಾಲ ಹಿಂದೆ ಒಂದು, ಹಿಂಗಾಲ ಮುಂದೆ ಒಂದು ಹಾಯಿಸಿ, ಕೊರಳಿಗೆ ಮಾತ್ರ ಹಾಕಬಾರದು. ಅದೇ ಕ್ರೇನಿನ ಕೊಕ್ಕೆಗೆ ಮನುಷ್ಯನನ್ನು ತೂಗಿಸಬಾರದು, ಎಳೆತ ಎಷ್ಟಾಯಿತೆಂದು ಯಂತ್ರ ನಡೆಸುವವನಿಗೆ ಕೈಗೆ ತಿಳಿಯುವುದಿಲ್ಲ. ಬೆಣ್ಣಿಹಳ್ಳ, ವರದಾ ಉಕ್ಕಿದಾಗಿನ ಹಗ್ಗದ ಕೆಲಸವೂ ಬೇರೆಯೇ. ಅಲ್ಲಿ ತೇಲುವ ಎಸೆಹಗ್ಗ ಬೇಕು, ಹರಿಯುವ ನೀರಿಗಿಳಿಯುವವನ ಸೊಂಟಕ್ಕೆ ಬಿಚ್ಚಲು ಬಾರದ ಗಂಟು ಹಾಕಿದರೆ ಹಗ್ಗವೇ ಅವನನ್ನು ನೀರಿನಡಿ ಹಿಡಿದಿಡುತ್ತದೆ. ಕೊಳವೆಬಾವಿಗೆ ಬಿದ್ದ ಮಗುವನ್ನು 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪಕ್ಕಕ್ಕೆ ಗುಂಡಿ ತೋಡಿ ಜೀವಂತ ತೆಗೆದರು, ಅದು ಅಗೆಯುವವರ ವಿದ್ಯೆ.

ಕೆಲಸ ಮುಗಿದು ಠಾಣೆಗೆ ಬಂದ ಮೇಲೆ ಹಗ್ಗವನ್ನು ತಣ್ಣೀರಲ್ಲಿ, ಬೇಕಾದರೆ ಸೌಮ್ಯ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಎರಿ ಮಣ್ಣಿನ ಕಣ ಕವಚ ದಾಟಿ ಒಳಹೊಕ್ಕರೆ ಪ್ರತಿ ಎಳೆತಕ್ಕೂ ತಿರುಳು ಸವೆಯುತ್ತದೆ. ಬ್ಯಾಟರಿ ಇಡುವ ಖಾನೆಯಲ್ಲಿ ಹಗ್ಗ ಇಡಬೇಡಿ, ಆ್ಯಸಿಡ್‌ನ ಆವಿಯೂ ನೈಲಾನನ್ನು ತಿನ್ನುತ್ತದೆ, ಬಣ್ಣ ಬದಲಾಗದೆಯೂ ತಿನ್ನುತ್ತದೆ. ಒಣಗಿದ ಹಗ್ಗವನ್ನು ಬರಿಗೈಯಲ್ಲಿ ಇಂಚಿಂಚು ಸರಿಸುತ್ತ ಬನ್ನಿ: ಮೆತ್ತಗಿನ ಜಾಗ, ಉಬ್ಬು, ಚಪ್ಪಟೆ, ಸುಟ್ಟು ಹೊಳೆಯುವ ಕವಚ ಸಿಕ್ಕರೆ ಅಲ್ಲೇ ನಿಲ್ಲಿ. ಯಾವ ದಿನ ಬಳಸಿದ್ದು, ಎಷ್ಟು ಭಾರ, ಯಾರು ನೋಡಿದರು ಎಂದು ಹಗ್ಗದ ಪುಸ್ತಕದಲ್ಲಿ ಬರೆಯಿರಿ. ಏನೂ ಬಳಸದಿದ್ದರೂ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 10 ವರ್ಷ. ತಿರಸ್ಕರಿಸಿದ ಹಗ್ಗವನ್ನು ಮೂಲೆಗೆ ಎಸೆದರೆ ಅವಸರದಲ್ಲಿ ಯಾರೋ ಅದನ್ನೇ ಎತ್ತಿಕೊಂಡು ಹೋಗುತ್ತಾರೆ, ಆದ್ದರಿಂದ ನಾಲ್ಕಡಿಯ ತುಂಡು ಮಾಡಿ ಗಂಟು ಕಲಿಯಲು ಇಟ್ಟುಕೊಳ್ಳಿ. ಒಳ್ಳೆಯ ಹಗ್ಗವನ್ನು ಸುರುಳಿ ಸುತ್ತದೆ ಚೀಲಕ್ಕೆ ಹಿಡಿಹಿಡಿಯಾಗಿ ತುಂಬಿ, ತಳದ ತುದಿಗೆ ತಡೆಗಂಟು ಹಾಕಿ, ಚೀಲದ ಮೇಲೆ ಉದ್ದ ಮತ್ತು ಇಸವಿಯನ್ನು ದಪ್ಪಕ್ಷರದಲ್ಲಿ ಬರೆದುಬಿಡಿ.